ನಾವಿಬ್ಬರೂ ‘ಅಕ್ವ’ ಕಲಿತ ಬಗೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕಾಂಪೌಂಡರ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಶಿರಹಟ್ಟಿಯಲ್ಲಿ, ಒಬ್ಬ ಡಾಕ್ಟರರ ಖಾಸಗಿ ದವಾಖಾನೆಯಲ್ಲಿ. ನಾನು ಸೇರಿದ ಹೊಸದರಲ್ಲಿ ಔಷಧವನ್ನು ಬಾಟಲಿಯಲ್ಲಿ ಕಲಸಿ ಕೊಡುವ ಪದ್ಧತಿ ಇನ್ನೂ ಇತ್ತು. ಡಾಕ್ಟರರು ಚೀಟಿಯಲ್ಲಿ ಎರಡು ಮೂರು ಔಷಧ ಬರೆದು, ಕೊನೆಯ ಸಾಲಿನಲ್ಲಿ ‘ಆಕ್ವಾ’ ಎಂದು ಗೀಚುತ್ತಿದ್ದರು. ಅಂದರೆ ನೀರು. ಬಾಟಲಿಯ ಉಳಿದ ಭಾಗವನ್ನು ನೀರಿನಿಂದ ತುಂಬಿಸು ಎಂದು ಅರ್ಥ. ಲ್ಯಾಟಿನ್ ಭಾಷೆಯ ಶಬ್ದವಂತೆ. ನನಗೆ ಗೊತ್ತಿದ್ದ ಲ್ಯಾಟಿನ್ ಅಷ್ಟೇ.

ಗದ್ದಲ ಹೆಚ್ಚಿದ್ದ ದಿನ ಡಾಕ್ಟರರು ಒಳಗಿನಿಂದಲೇ ಕೂಗುತ್ತಿದ್ದರು, ‘ಆಕ್ವಾ ಪೂರ್ತಿ ಹಾಕಪಾ!’ ಅದನ್ನು ಕೇಳಿಸಿಕೊಂಡ ಒಬ್ಬ ಮುದುಕಿ ಒಮ್ಮೆ ನನ್ನ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದಳು.

‘ಯಪ್ಪಾ, ಹೋದ ಸಲ ನೀ ಆಕ್ವಾ ಕಡಿಮಿ ಹಾಕಿದ್ದಿ ಅಂತ ಕಾಣತೈತಿ. ಕೆಮ್ಮು ಹೋಗಲೇ ಇಲ್ಲ. ಈ ಸಲ ಕೈ ಬಿಚ್ಚಿ ಹಾಕು.’

ನಾನು ಅವಳ ಕಣ್ಣೆದುರೇ ಕೈ ಬಿಚ್ಚಿ ಹಾಕಿದೆ. ಮುಂದಿನ ವಾರ ಕೆಮ್ಮು ವಾಸಿಯಾಗಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಲ್ಕು ಎಳೆ ಸೌತೆಕಾಯಿಗಳನ್ನು ಕಿಟಕಿಯಲ್ಲಿಟ್ಟು ಹೋದಳು. ಡಾಕ್ಟರರಿಗೆ ಏನೂ ಕೊಡಲಿಲ್ಲ. ಆ ದಿನದಿಂದ ನಾನು ಆ ಶಬ್ದವನ್ನು ಸ್ವಲ್ಪ ಗತ್ತಿನಿಂದಲೇ ಉಚ್ಚರಿಸುತ್ತಿದ್ದೆ.

ಕೆಲಸ ಬಿಟ್ಟ ಮೇಲೆ ನಾವು ಗಂಡಹೆಂಡಿರು ಬೆಟಗೇರಿಗೆ ಬಂದೆವು. ನೇಕಾರರ ಓಣಿಯಲ್ಲಿ ಎರಡು ಕೋಣೆಯ ಮನೆ. ಎಡಬಲದಲ್ಲಿ ಮಗ್ಗದ ಸಪ್ಪಳ. ಮನೆಯಲ್ಲಿ ಇಡೀ ದಿನ ಕುಳಿತರೆ ಹೆಂಡತಿಯ ಕೆಲಸಕ್ಕೆ ಅಡ್ಡಿ ಎಂಬ ಅವಳದೇ ಅಭಿಪ್ರಾಯದ ಮೇರೆಗೆ, ಬೆಳಗಿನ ಹೊತ್ತು ಸಂಬಂಧಿಕರೊಬ್ಬರ ಔಷಧದ ಅಂಗಡಿಯಲ್ಲಿ ಕುಳಿತುಕೊಳ್ಳತೊಡಗಿದೆ. ಓಣಿಯವರು ನನ್ನನ್ನು ಕಾಂಪೌಂಡರ್ ಚಾಚಾ ಎನ್ನುತ್ತಾರೆ. ಅವಳನ್ನು ಬರೀ ಚಾಚಿ.

ಆ ಅಂಗಡಿಗೆ ಒಂದು ಬೆಳಿಗ್ಗೆ ಎಂಬತ್ತು ದಾಟಿದ ಪಾದ್ರಿಯೊಬ್ಬರು ಬಂದರು. ತೆಳ್ಳನೆಯ ದೇಹ, ಬಿಳಿ ನಿಲುವಂಗಿ, ಕಾಲಲ್ಲಿ ಸವೆದ ಚಪ್ಪಲಿ. ನಿವೃತ್ತರಾಗಿ ಊರಿನ ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿದ್ದರು. ತಲೆಗೆ ಹಚ್ಚುವ ಶಾಂಪೂ ಕೇಳಿದರು. ಕೊಟ್ಟೆ. ಅವರು ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದತೊಡಗಿದರು. ಮೊದಲ ಶಬ್ದಕ್ಕೇ ನಿಂತರು.

‘ಅದು ಆಕ್ವಾ, ಫಾದರ್,’ ಎಂದೆ ನಾನು. ‘ಅಂದ್ರ ನೀರು. ಲ್ಯಾಟಿನ್ ಮಾತು.’

ಅವರು ಬಾಟಲಿ ಇಳಿಸಿ ನನ್ನನ್ನು ನೋಡಿದರು. ಪಾದ್ರಿಗಳೆಂದರೆ ಇಂಗ್ಲಿಷು ಬೆರೆಸಿ ಮಾತಾಡುತ್ತಾರೆಂದುಕೊಂಡಿದ್ದೆ. ಅವರು ಮುಂಡರಗಿ ಸೀಮೆಯ ಅಪ್ಪಟ ಮಾತಿನಲ್ಲಿ ಕೇಳಿದರು, ‘ಹೌದೇನು ತಮ್ಮಾ? ಯಾವ ವಿಭಕ್ತಿ?’

ಲಕ್ಷ್ಮೇಶ್ವರದ ಕನ್ನಡ ಶಾಲೆಯಲ್ಲಿ ನಾನೂ ಉ, ಅನ್ನು, ಇಂದ, ಗೆ ಎಂದು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವನೇ. ಆದರೆ ಇಷ್ಟು ವರ್ಷ ಬಾಟಲಿಗೆ ಸುರಿದ ಆಕ್ವಾಕ್ಕೂ ವಿಭಕ್ತಿ ಇರುತ್ತದೆಂದು ಯಾವತ್ತೂ ಹೊಳೆದಿರಲಿಲ್ಲ.

‘ಮತ್ತ ಅದು ಆಕ್ವಾ ಅಲ್ಲ,’ ಎಂದರು. ‘ಅಕ್ವ. ಹಿಂದೂ ಹ್ರಸ್ವ, ಮುಂದೂ ಹ್ರಸ್ವ. ಕಡೀಕ ಎಳದಿ ಅಂದ್ರ ಬ್ಯಾರೆ ವಿಭಕ್ತಿ ಆಗತೈತಿ.’

ಶಾಂಪೂ ತೆಗೆದುಕೊಂಡು ಹೊರಟವರು ಮೆಟ್ಟಿಲ ಮೇಲೆ ತಿರುಗಿ ನಿಂತರು. ‘ಕಲಿಯೂ ಮನಸ್ಸು ಐತೇನು? ಗುರುವಾರ ಸಂಜೀಮುಂದ ಬಾ. ಚಾ ಸಿಗತೈತಿ.’

ಹೋದೆ. ಚಹಾಕ್ಕಾಗಿ ಹೋದೆ ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಖರೆ ಹೇಳಬೇಕೆಂದರೆ, ಜೀವನವಿಡೀ ಗತ್ತಿನಿಂದ ಹೇಳಿದ ಒಂದೇ ಒಂದು ಶಬ್ದವೂ ತಪ್ಪಾಗಿತ್ತಲ್ಲ ಎಂಬುದು ನನ್ನನ್ನು ಚುಚ್ಚಿತ್ತು.

ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಕಿಟಕಿಯಾಚೆ ಬೇವಿನ ಮರ. ನಾನು ನೂರು ಪುಟದ ಹೊಸ ನೋಟ್‌ಬುಕ್ ಒಯ್ದಿದ್ದೆ. ಅವರು ಅದನ್ನು ನೋಡಿ ನಕ್ಕರು. ‘ಇಷ್ಟು ಹಾಳಿ ಬ್ಯಾಡ. ಒಂದ ಶಬ್ದ ಕಲಿಯೂಣು. ಒಂದು ಶಬ್ದ ನೆಟ್ಟಗ ಬಂತಂದ್ರ ಅದರಂಗ ಸಾವಿರ ಶಬ್ದ ಬರತಾವು.’

ಆಮೇಲೆ ತಮ್ಮ ನಿಯಮ ಹೇಳಿದರು. ಪ್ರತಿ ವಿಭಕ್ತಿಗೆ ಒಂದೇ ವಾಕ್ಯ. ಸಣ್ಣ ವಾಕ್ಯ. ಆ ವಾಕ್ಯವನ್ನು ವಾರದಲ್ಲಿ ಒಮ್ಮೆಯಾದರೂ, ಅದು ನಿಜವಾಗಿರುವ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಬೇಕು. ಸುಳ್ಳು ಹೇಳುವಂತಿಲ್ಲ. ಹೇಳಿದ ಮೇಲೆಯೇ ಮುಂದಿನ ವಾಕ್ಯ.

ಮೊದಲ ವಾಕ್ಯ: ‘ಅಕ್ವ ವೆನಿತ್.’ ನೀರು ಬರುತ್ತದೆ.

ನನಗೆ ನಗು ಬಂತು. ಇದನ್ನು ಒಂದು ದಿನದಲ್ಲಿ ಮುಗಿಸುತ್ತೇನೆ ಅಂದುಕೊಂಡು ಮನೆಗೆ ಬಂದೆ. ಬೆಟಗೇರಿಯ ನಳವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮುಂದಿನ ಗುರುವಾರ ಫಾದರ್ ಕೇಳಿದರು, ‘ಹೇಳಿದಿ?’

‘ಇಲ್ರಿ. ನಳ ಬಂದಿಲ್ಲ.’

‘ಹಂಗಾರ ನಿನ್ನ ಪಾಠ ಮುಂದ ಹೋಗಂಗಿಲ್ಲ.’ ಸ್ವಲ್ಪ ಯೋಚಿಸಿ, ನನ್ನ ಮೇಲೆ ಕರುಣೆ ತೋರಿ, ಎರಡು ಉಪವಾಕ್ಯ ಕೊಟ್ಟರು. ‘ಅಕ್ವ ನೋನ್ ವೆನಿತ್’, ನೀರು ಬರುವುದಿಲ್ಲ. ‘ಅಕ್ವ ಕ್ರಾಸ್ ವೆನಿಯೆತ್’, ನೀರು ನಾಳೆ ಬರುತ್ತದೆ.

ಇವೆರಡನ್ನು ಮಾತ್ರ ಎಷ್ಟು ಸಲ ಬೇಕಾದರೂ ನಿಜವಾಗಿ ಹೇಳಬಹುದಾಗಿತ್ತು. ನಮ್ಮ ಓಣಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ನೌಕರ ಸೈಕಲ್ ಮೇಲೆ ಹಾದುಹೋಗುತ್ತಿದ್ದಾಗ, ನಾನು ಕಟ್ಟೆಯ ಮೇಲಿಂದ ಕೈ ಎತ್ತಿ ಕೇಳಿದೆ, ‘ಏನಪಾ, ಅಕ್ವ ಕ್ರಾಸ್ ವೆನಿಯೆತ್?’

ಅವನು ಬ್ರೇಕು ಹಾಕಿದ. ‘ಯಾವ ಕ್ರಾಸ್ ರೀ ಚಾಚಾ? ಮೊದಲನೇ ಕ್ರಾಸಿಗೆ ಇವತ್ತು ಬಿಟ್ಟೇನಿ. ಎರಡನೇ ಕ್ರಾಸಿನ ಪಾಳಿ ಇನ್ನೂ ಬಂದಿಲ್ಲ.’

ಕ್ರಾಸ್ ಎಂದರೆ ನಾಳೆ ಎಂದು ವಿವರಿಸಿದೆ. ಅವನಿಗೆ ಅದು ಬಹಳ ಹಿಡಿಸಿತು. ಮರುದಿನದಿಂದ ಓಣಿಯ ಹೆಂಗಸರು ಯಾರೇ ತಡೆದು ಕೇಳಿದರೂ ‘ಕ್ರಾಸ್ ರೀ, ಕ್ರಾಸ್’ ಎಂದು ಹೇಳಿ ಪೆಡಲು ತುಳಿಯತೊಡಗಿದ. ನಾಳೆ ಅಂದರೆ ಬೈಯುತ್ತಿದ್ದವರು, ಕ್ರಾಸ್ ಅಂದಾಗ ಏನೋ ಸರಕಾರಿ ಕಾರಣ ಇರಬೇಕೆಂದು ಸುಮ್ಮನಾಗುತ್ತಿದ್ದರು. ಕಡೆಗೆ ಅದರ ಅರ್ಥ ಹೊರಬಿದ್ದಾಗ ಬೈಗುಳ ಅವನಿಗೆ ಬರಲಿಲ್ಲ, ನನ್ನ ಬಾಗಿಲಿಗೆ ಬಂತು.

ಅಷ್ಟರಲ್ಲಿ ನನ್ನ ಹೆಂಡತಿಗೆ ಈ ವ್ಯವಹಾರದ ವಾಸನೆ ಹತ್ತಿತ್ತು. ಅವಳ ತವರು ಬಾಳೆಹೊಸೂರು. ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ. ಆಮೇಲೆ ಹೊಲ, ಮನೆ, ಮದುವೆ. ನಾವು ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಆದರೆ ಜಗಳ ಮತ್ತು ಚೇಷ್ಟೆಗೆ ಅವಳು ಕನ್ನಡಕ್ಕೇ ಇಳಿಯುತ್ತಾಳೆ. ಅವಳ ಪ್ರಕಾರ ಆ ಎರಡು ಕೆಲಸಕ್ಕೆ ಅದರಷ್ಟು ಚಲೋ ಭಾಷೆ ಇಲ್ಲ.

‘ಈ ವಯಸ್ಸಿನ್ಯಾಗ ಏನ್ ಕಲಿಯಾಕ ಹತ್ತೀರಿ?’

‘ಲ್ಯಾಟಿನ್.’

‘ಯಾರ ಜೋಡಿ ಮಾತಾಡವರು?’

‘ಒಂದ ಶಬ್ದ ಕಲಿಯಾಕ ಹತ್ತೇನಿ,’ ಎಂದೆ.

‘ವಾರದ ಮ್ಯಾಲಾತು. ಇನ್ನೂ ಒಂದೂ ಬಂದಿಲ್ಲ?’

ಹನ್ನೊಂದನೆಯ ದಿನ ಮಧ್ಯಾಹ್ನ ನಾನು ಮಲಗಿದ್ದಾಗ ಓಣಿಯಲ್ಲಿ ಕೊಡಗಳ ಸಪ್ಪಳ ಎದ್ದಿತು. ದಡಬಡಿಸಿ ಎದ್ದು ಹೊರಗೆ ಓಡಿ, ನಳದ ಮುಂದೆ ನಿಂತು ಕೂಗಿದೆ: ‘ಅಕ್ವ ವೇನಿತ್!’ ಕೂಗಿದ ಭರಕ್ಕೆ ಎರಡನೆಯ ಶಬ್ದ ಸ್ವಲ್ಪ ಎಳೆದುಹೋಯಿತು. ಪಕ್ಕದ ಮನೆಯ ಹೆಂಗಸು ಕೊಡ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ನಳದ ಬಾಯಲ್ಲಿ ಎರಡು ಹನಿ ತೂಗಿ ಬಿದ್ದವು, ಅಷ್ಟೇ. ನೀರು ನಿಂತಿತ್ತು. ನನ್ನ ಹೆಂಡತಿ ಆಗಲೇ ಬ್ಯಾರಲ್ ತುಂಬಿಸಿ, ಮುಚ್ಚಳ ಹಾಕಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಗುರುವಾರ ಇದನ್ನು ಹೇಳಿದಾಗ ಫಾದರ್ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಅವರು ಹೇಳಿದ ಪ್ರಕಾರ ‘ವೆನಿತ್’ ಅಂದರೆ ಬರುತ್ತದೆ, ‘ವೇನಿತ್’ ಅಂದರೆ ಬಂದಿತು. ಒಂದು ದೀರ್ಘದಲ್ಲಿ ವರ್ತಮಾನ ಭೂತವಾಗುತ್ತದೆ.

ಮನೆಗೆ ಬಂದು ಹೆಂಡತಿಗೆ ತಿಳಿಸಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ಕಣ್ಣೆತ್ತದೆ ಅಂದಳು, ‘ಹಂಗಾರ ನೀವು ಅಂದದ್ದ ಬರೋಬ್ಬರಿ ಐತಿ. ನೀವು ಏಳೂದ್ರಾಗ ಅದು ಬಂದು ಹೋಗಿತ್ತು.’

ಫಾದರರಿಗೂ ಇದು ಸರಿಯೆನಿಸಿ ನನ್ನನ್ನು ಮೊದಲ ವಾಕ್ಯದಲ್ಲಿ ತೇರ್ಗಡೆ ಮಾಡಿದರು. ಅಂದರೆ ನಾನು ಮೊದಲ ಸಲ ಪಾಸಾದದ್ದು ಅವಳ ವಕೀಲಿಯಿಂದ. ಅದನ್ನು ಅವಳು ಮರೆತಿಲ್ಲ.

ಎರಡನೆಯ ವಾಕ್ಯ: ‘ಅಕ್ವಮ್ ಪೊರ್ತೋ.’ ನೀರನ್ನು ಹೊರುತ್ತೇನೆ. ದ್ವಿತೀಯಾ ವಿಭಕ್ತಿ. ಪೊರ್ತೋ ಕೇಳಿದೊಡನೆ ನನಗೆ ಹೈಸ್ಕೂಲಿನ ಹಳಗನ್ನಡ ನೆನಪಾಯಿತು. ಅದರಲ್ಲಿ ಹೊರು ಎಂಬುದು ‘ಪೊರು’ ಅಲ್ಲವೆ? ರೋಮಿನವರೂ ನಾವೂ ಒಂದೇ ಕೊಡ ಹೊತ್ತವರು ಎಂದು ಉತ್ಸಾಹದಿಂದ ಹೇಳಿದೆ. ಫಾದರ್ ಕೈ ಅಡ್ಡ ಆಡಿಸಿದರು. ‘ಸುಮ್ನ ಕಿವಿಗೆ ಹಂಗ ಕೇಳಸತೈತಿ ತಮ್ಮಾ. ಸಂಬಂಧ ಏನೂ ಇಲ್ಲ. ಆದ್ರ ನೆನಪಿಗೆ ಚಲೋ ಆತು, ಇಟ್ಕೊ.’

ಮನೆಯಲ್ಲಿ ಊಟಕ್ಕೆ ಕುಳಿತು, ರೊಟ್ಟಿ ಮುರಿಯುತ್ತ, ‘ಅಕ್ವಮ್ ಪೊರ್ತೋ’ ಎಂದೆ.

‘ಹಂಗಂದ್ರ?’

‘ನೀರು ಹೊರತೇನಿ.’

‘ಯಾರು?’

‘ನಾನು.’

ಅವಳು ಪಲ್ಯದ ಸೌಟನ್ನು ಪಾತ್ರೆಯ ಅಂಚಿಗೆ ಸಾವಕಾಶವಾಗಿ ಇಟ್ಟಳು. ‘ಫಾದರ್ ಖರೆ ಇದ್ದದ್ದಷ್ಟ ಹೇಳಬೇಕು ಅಂದಾರಂತ ನೀವ ಹೇಳಿದ್ರಿ. ಮದುವಿ ಆಗಿ ಮೂವತ್ತೈದು ವರ್ಷ ಆತು. ಒಂದು ಕೊಡಾ ಹೊತ್ತದ್ದು ನಾ ನೋಡಿಲ್ಲ.’

ನಾನು ರೊಟ್ಟಿ ನುಂಗಿದೆ. ಅವಳು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಶಿರಹಟ್ಟಿಯಲ್ಲಿ ಬೋರಿನಿಂದ, ಅದಕ್ಕೂ ಮೊದಲು ಲಕ್ಷ್ಮೇಶ್ವರದ ಮನೆಯಲ್ಲಿ ಬಾವಿಯಿಂದ, ಈಗ ಬೆಟಗೇರಿಯಲ್ಲಿ ನಳದಿಂದ, ಹೊತ್ತವಳು ಅವಳೇ. ನಾನು ದವಾಖಾನೆಯಲ್ಲಿ ಬಾಟಲಿಗೆ ನೀರು ಸುರಿದು, ಅದಕ್ಕೆ ಬೇರೆ ಹೆಸರು ಹೇಳಿ, ಸೌತೆಕಾಯಿ ತೆಗೆದುಕೊಂಡವನು.

ಮುಂದಿನ ಸಲ ನಳ ಬಂದದ್ದು ಬೆಳಿಗ್ಗೆ. ಅವಳು ಕೊಡ ಎತ್ತಿಕೊಳ್ಳುವ ಮೊದಲು ನಾನು ಎತ್ತಿಕೊಂಡೆ. ಇಡೀ ಓಣಿ ನೋಡುತ್ತಿತ್ತು. ನಳದಿಂದ ಹಿತ್ತಲ ಟಾಕಿಗೆ ಇಪ್ಪತ್ತು ಹೆಜ್ಜೆ. ಅರ್ಧ ನೀರು ನನ್ನ ಪಾಯಜಾಮಕ್ಕೆ, ಅರ್ಧ ಟಾಕಿಗೆ. ಏಳನೆಯ ಕೊಡಕ್ಕೆ ಉಸಿರು ಹಿಡಿದುಕೊಂಡು ‘ಅಕ್ವಮ್ ಪೊರ್ತೋ’ ಎಂದೆ. ಅವಳು ಬಾಗಿಲಲ್ಲಿ ನಿಂತು ಎರಡೂ ಕೈ ಸೊಂಟದ ಮೇಲಿಟ್ಟು ಅಂದಳು, ‘ಈ ಭಾಷಾ ಚಲೋ ಐತಿ ಬಿಡ್ರಿ. ಮೊದಲ ಯಾಕ ಕಲೀಲಿಲ್ಲ ನೀವು?’

ಎರಡು ದಿನ ಸೊಂಟ ಹಿಡಿದುಕೊಂಡಿತು. ಅವಳು ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಗುರುವಾರ ಬಗ್ಗಿಕೊಂಡೇ ಹೋದದ್ದನ್ನು ಕಂಡ ಫಾದರ್, ಬೇರೆ ಏನೋ ಕೊಡಬೇಕೆಂದಿದ್ದದ್ದನ್ನು ಬಿಟ್ಟು, ಷಷ್ಠಿಗೆ ಹೊಸ ವಾಕ್ಯ ಬರೆದರು: ‘ಉರ್ನ ಅಕ್ವೇ ಗ್ರವಿಸ್ ಎಸ್ತ್.’ ನೀರಿನ ಕೊಡ ಭಾರವಾಗಿದೆ. ಆ ವಾಕ್ಯವನ್ನು ನಾನು ಅಲ್ಲಿಯೇ, ಕುರ್ಚಿಯಲ್ಲಿ ಕೂರುವ ಮೊದಲೇ, ಸಂಪೂರ್ಣ ಸತ್ಯವಾಗಿ ಹೇಳಿ ಮುಗಿಸಿದೆ. ಇಷ್ಟು ಜಲ್ದಿ ಯಾವ ವಿಭಕ್ತಿಯನ್ನೂ ಕಲಿತಿಲ್ಲ.

ಚತುರ್ಥಿಯೂ ‘ಅಕ್ವೇ’ ಎಂದೇ. ನೀರಿನ ಅಂದರೂ ಅಕ್ವೇ, ನೀರಿಗೆ ಅಂದರೂ ಅಕ್ವೇ. ಇದು ನನಗೆ ಮೋಸ ಅನಿಸಿತು. ಆಮೇಲೆ ಬಂದದ್ದು ಕಡೆಯ ದೀರ್ಘ: ‘ಅಕ್ವಾ’. ನೀರಿನಿಂದ, ನೀರಿನಲ್ಲಿ, ನೀರಿಲ್ಲದೆ, ಎಲ್ಲಕ್ಕೂ ಅದೊಂದೇ. ಅದಕ್ಕೆ ಅವರು ಕೊಟ್ಟ ವಾಕ್ಯ, ‘ಅಕ್ವಾ ಮನೂಸ್ ಲವೋ.’ ನೀರಿನಿಂದ ಕೈ ತೊಳೆಯುತ್ತೇನೆ.

‘ನಿನಗ ದಿನಕ್ಕ ಐದು ಸಲ ಪಾಠ ಆಗೇ ಆಗತೈತಿ,’ ಎಂದು ಕಣ್ಣು ಮಿಟುಕಿಸಿದರು.

‘ನಮಾಜಿಗೆ ಕೈಕಾಲು ತೊಳದು ವಜೂ ಮಾಡುವಾಗ ಮಾತಾಡಂಗಿಲ್ರಿ ಫಾದರ್. ಊಟಕ್ಕ ಕೈ ತೊಳಿಯುವಾಗ ಅಂತೇನಿ.’

‘ಅದೂ ಬರೋಬ್ಬರಿ,’ ಎಂದರು. ಯಾಕೆ ಇಷ್ಟು ಮುತುವರ್ಜಿಯಿಂದ ಕಲಿಸುತ್ತೀರೆಂದು ನಾನು ಆ ದಿನವೇ ಕೇಳಿದ್ದು. ಹರೆಯದಲ್ಲಿ ಪಾದ್ರಿಯಾಗಲು ಓದುವಾಗ ಅವರ ಪಾಠಗಳು ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದವಂತೆ. ಊಟದ ಸಾಲಿನಲ್ಲಿ ಗುರುಗಳಿಗೆ ಕೇಳದಂತೆ ಒಬ್ಬರನ್ನೊಬ್ಬರು ಅದೇ ಭಾಷೆಯಲ್ಲಿ ಕಾಡುತ್ತಿದ್ದರಂತೆ.

‘ಪ್ರಾರ್ಥನಿ ಮಾಡಾಕ ಅದು ಈಗೂ ಐತಿ. ಆದ್ರ ಅದರಾಗ ನಗಸೋರು ಯಾರೂ ಉಳದಿಲ್ಲ ತಮ್ಮಾ. ನೀ ಬಂದ ಮ್ಯಾಲೆ ಮತ್ತ ನಗಾಕ ಹತ್ತೇನಿ.’

ನಾನು ನಗಿಸಲು ಯಾವ ಪ್ರಯತ್ನವನ್ನೂ ಮಾಡಿರಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳಿದಾಗ ಅವಳು ಚೇಷ್ಟೆ ಮಾಡಲಿಲ್ಲ. ‘ಒಂದು ದಿನ ಊಟಕ್ಕ ಕರಕೊಂಡು ಬರ್ರಿ ಅವರನ್ನ,’ ಎಂದಳು.

ಅವರು ಬಂದ ದಿನ ನಾನು ಬೆಳಗಿನಿಂದ ಎಲ್ಲ ವಿಭಕ್ತಿಗಳನ್ನೂ ಮನೆಯೊಳಗೆ ಅಡ್ಡಾಡುತ್ತ ಗಟ್ಟಿ ಮಾಡಿದ್ದೆ. ನೆಲದ ಮೇಲೆ ಊಟದ ಬಟ್ಟೆ, ದಸ್ತರಖಾನ್, ಹಾಸಿದೆವು. ಫಾದರ್ ಮಂಡಿ ನೋವಿದ್ದರೂ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ಕುಳಿತರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೋಳಿಯ ಸಾರು. ಅವರು ಎರಡು ರೊಟ್ಟಿ ಉಂಡು, ಮೂರನೆಯದಕ್ಕೆ ಬೇಡ ಎನ್ನುತ್ತಲೇ ಕೈ ಚಾಚಿ, ಕೈ ತೊಳೆದ ಮೇಲೆ ಸೀದಾ ಪರೀಕ್ಷೆಗೆ ಇಳಿದರು.

‘ಹೂಂ, ತಮ್ಮಾ. ಪ್ರಥಮಾ?’

‘ಅಕ್ವ.’

‘ದ್ವಿತೀಯಾ?’

‘ಅಕ್ವಮ್.’

‘ಷಷ್ಠಿ?’

‘ಅಕ್ವೇ.’

‘ಈಗ ವಾಕ್ಯ ಹೇಳು. ಸಿನೆ ಅಂದ್ರ ಇಲ್ಲದೆ. “ನೀರಿಲ್ಲದೆ” ಅಂತ ಹೆಂಗ ಹೇಳ್ತಿ?’

‘ಸಿನೆ...’ ಎಂದೆ. ಅಷ್ಟೇ. ಬೆಳಗಿನಿಂದ ಉರು ಹೊಡೆದದ್ದೆಲ್ಲ ಎಣ್ಣೆಗಾಯಿಯ ಜೊತೆ ಕೆಳಗಿಳಿದು ಹೋಗಿತ್ತು. ‘ಸಿನೆ ಅಕ್ವಮ್... ಅಲ್ಲ, ಅಕ್ವೇ...’

ಫಾದರ್ ಕಣ್ಣು ಮುಚ್ಚಿಕೊಂಡು ಕಾದರು. ಅಡಿಗೆಮನೆಯಲ್ಲಿ ಸ್ಟೋವಿನ ಮೇಲೆ ಪಾತ್ರೆ ಇಟ್ಟ ಸಪ್ಪಳವಾಯಿತು. ಆಮೇಲೆ ಅಲ್ಲಿಂದ, ಸ್ಪಷ್ಟವಾಗಿ, ಕಡೆಯಲ್ಲಿ ಸರಿಯಾದ ದೀರ್ಘದೊಡನೆ ದನಿ ಬಂತು:

‘ಸಿನೆ ಅಕ್ವಾ ಚಾ ನೋನ್ ಎಸ್ತ್.’

ನೀರಿಲ್ಲದೆ ಚಹಾ ಇಲ್ಲ.

ಫಾದರ್ ಕಣ್ಣು ತೆರೆದರು. ನನ್ನನ್ನು ನೋಡಲಿಲ್ಲ, ಬಾಗಿಲ ಪರದೆಯನ್ನು ನೋಡಿದರು. ‘ಯಾರು ಅಂದದ್ದು ಅದು?’

ಅವಳು ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಮುಖ ಕೆಂಪಾಗಿತ್ತು. ‘ತಪ್ಪಿದ್ರ ಹೇಳ್ರಿ ಫಾದರ್. ಚಾಕ್ಕ ಏನಂತಾರ ಗೊತ್ತಿಲ್ಲ.’

‘ರೋಮಿನವರು ಚಾ ಕುಡದ ಇಲ್ಲ ತಂಗೀ. ಅವರ ನಸೀಬು. ವಾಕ್ಯ ಬರೋಬ್ಬರಿ ಐತಿ. ಯಾರು ಕಲಿಸಿದರು ನಿನಗ?’

‘ಇವರ. ತಪ್ಪು ತಪ್ಪು ಅಂದುಕೋತ ಮನಿ ತುಂಬ ಅಡ್ಡಾಡತಾರ. ತಪ್ಪು ಬಿಟ್ಟು ಉಳದದ್ದನ್ನ ನಾ ಕಲತೇನಿ.’

ಅಂದು ಮಧ್ಯಾಹ್ನ ಎರಡು ಗಂಟೆ ಹೊತ್ತು ನಾನು ಗೋಡೆಗೆ ಒರಗಿದ ಕೇಳುಗನಾದೆ. ಅವರು ಕೇಳಿದರು, ಇವಳು ಹೇಳಿದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ವಿಭಕ್ತಿಗಳ ಹೆಸರು ಒಂದೂ ಗೊತ್ತಿರಲಿಲ್ಲ. ಆದರೆ ‘ನೀರಿಗೆ ಅನ್ನೂವಾಗ ಹಿಂಗ, ನೀರಿನಿಂದ ಅನ್ನೂವಾಗ ಹಂಗ’ ಎಂದು ಎಲ್ಲವನ್ನೂ ಬೆರಳ ಗೆಣ್ಣುಗಳ ಮೇಲೆ ಹಿಡಿದಿದ್ದಳು. ಒಂದು ಸಲ ಅವಳು ಫಾದರರನ್ನೇ ತಡೆದಳು. ‘ನಾವು ನೀರು ಬಂತು ಅನ್ನಂಗಿಲ್ರಿ. ನಳ ಬಂತು ಅಂತೇವಿ. ನಳಕ್ಕ ಏನಂತಾರ?’ ಅವರು ತಲೆ ಕೆರೆದುಕೊಂಡು, ಆಮೇಲೆ ಹೇಳುತ್ತೇನೆ ಎಂದರು. ಅವರು ಹಾಗೆ ಅಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಹೊರಡುವಾಗ ಫಾದರ್ ಅಂದರು, ‘ಗುರುವಾರ ಇಬ್ಬರೂ ಬರ್ರಿ.’

‘ನನಗೆಲ್ಲಿ ವ್ಯಾಳ್ಯಾ ಐತ್ರಿ?’ ಎಂದಳು. ‘ಇವರು ಬಂದು ಕಲಿಲಿ. ನಾ ಮನ್ಯಾಗ ತಿದ್ದತೇನಿ.’

ಹಾಗೆಯೇ ಆಯಿತು. ಆ ವರ್ಷವೆಲ್ಲ ನಾನು ಗುರುವಾರ ಪಾಠ ಹೊತ್ತು ತರುವ ಆಳಿನಂತಿದ್ದೆ. ತಂದದ್ದನ್ನು ಅವಳು ಬಿಚ್ಚಿ ನೋಡಿ, ಎಲ್ಲಿ ಹ್ರಸ್ವ ಬಿದ್ದಿದೆ, ಎಲ್ಲಿ ದೀರ್ಘ ತಪ್ಪಿದೆ ಎಂದು ಕೇಳಿ, ಅನುಮಾನ ಬಂದರೆ ವಾಪಸು ಕಳಿಸುತ್ತಿದ್ದಳು. ನಾನು ಅವಳ ಪ್ರಶ್ನೆಯನ್ನು ನನ್ನದೇ ಎಂಬಂತೆ ಕೇಳಿದರೆ ಫಾದರ್ ತಕ್ಷಣ ಹಿಡಿಯುತ್ತಿದ್ದರು. ‘ಇದು ನಿನ್ನ ತಲಿಯೊಳಗಿಂದ ಬಂದದ್ದಲ್ಲ. ತಂಗಿಗೆ ಹೇಳು, ಪ್ರಶ್ನಿ ಚಲೋ ಐತಿ ಅಂತ.’ ನಳ ಬಂದಾಗ ಮಾತ್ರ ಕೊಡ ನನ್ನ ಕೈಯಲ್ಲೇ ಉಳಿಯಿತು. ಆ ವಿಭಕ್ತಿ ನನಗೆ ಇನ್ನೂ ಗಟ್ಟಿಯಾಗಿಲ್ಲ ಎಂಬುದು ಅವಳ ವಾದ.

ಮರುವರ್ಷ ಫಾದರರ ಮಂಡಿ ಪೂರಾ ಕೈಕೊಟ್ಟಿತು. ಅವರನ್ನು ಬೇರೆ ಊರಿಗೆ, ವಯಸ್ಸಾದ ಪಾದ್ರಿಗಳು ಒಟ್ಟಿಗೆ ಇರುವ ಒಂದು ಮನೆಗೆ ಕರೆದೊಯ್ದರು. ಹೋಗುವ ದಿನ ನನ್ನ ಕೈ ಹಿಡಿದುಕೊಂಡು, ಫೋನಿನಲ್ಲಿ ಪಾಠ ನಡೆಸುತ್ತೇನೆ ಎಂದರು. ನಡೆಸಿದರು. ಫೋನು ನನ್ನದು, ಎತ್ತುವವನು ನಾನು. ‘ಸೌಖ್ಯ ಇದ್ದೀ ತಮ್ಮಾ? ತಂಗಿಗೆ ಕೊಡು’ ಎಂಬುದು ನನ್ನ ಪಾಲಿಗೆ ಬರುವ ಪಾಠ.

ಅವರು ಎರಡನೆಯ ನಾಮಪದವಾಗಿ ‘ಮೆನ್ಸ’ ಕೊಟ್ಟರು. ಅಂದರೆ ಮೇಜು. ಇವಳು ಒಪ್ಪಲಿಲ್ಲ.

‘ನಮ್ಮನ್ಯಾಗ ಮೇಜ ಇಲ್ರಿ ಫಾದರ್. ಇಲ್ಲದ್ದನ್ನ ಹೆಂಗ ಖರೆ ಹೇಳೂದು? ರೊಟ್ಟಿಗೆ ಏನಂತಾರ ಅದನ್ನ ಕಲಿಸ್ರಿ.’

ರೊಟ್ಟಿಗೆ ಪಾನಿಸ್ ಎನ್ನುತ್ತಾರೆ, ಆದರೆ ಅದು ಬೇರೆ ಗುಂಪಿನ ಶಬ್ದ, ಕಠಿಣ, ಒಂದು ವರ್ಷ ತಡೆಯಬೇಕು ಎಂದರು ಅವರು. ಒಂದು ವರ್ಷ ರೊಟ್ಟಿಯಿಲ್ಲದೆ ಯಾರು ಇರುತ್ತಾರೆ ಎಂದು ಇವಳು ಕೇಳಿದಳು. ಎಂಬತ್ತು ದಾಟಿದವರು ಸೋತರು. ಮರುದಿನವೇ ಪಾಠ ಶುರುವಾಯಿತು: ಪಾನಿಸ್, ಪಾನೆಮ್, ಮತ್ತು ಚತುರ್ಥಿಗೆ ಬಂದಾಗ, ‘ಪಾನೀ’. ಇವಳು ಫೋನು ಕಿವಿಯಿಂದ ತೆಗೆದು ನನ್ನ ಮುಖ ನೋಡಿದಳು. ನೀರಿಗೆ ಪಾನೀ ಎನ್ನುವ ಉರ್ದು ಮನೆಯಲ್ಲಿ ‘ಪಾನೀ’ ಅಂದರೆ ರೊಟ್ಟಿಗೆ ಎಂದು ಕಲಿಯಬೇಕಾಗಿ ಬಂದಿತ್ತು. ನಾವಿಬ್ಬರೂ ನಕ್ಕ ನಗು ಆ ಕಡೆ ಕೇಳಿಸಿ, ವಿಷಯ ಏನೆಂದು ತಿಳಿದ ಮೇಲೆ ಅವರೂ ನಕ್ಕು, ಕೆಮ್ಮು ಬಂದು, ಯಾರೋ ಅವರಿಗೆ ಕುಡಿಯಲು ನೀರು ತಂದುಕೊಡಬೇಕಾಯಿತು.

ಈ ಚಳಿಗಾಲದಲ್ಲಿ ಅವರನ್ನು ನೋಡಲು ಹೋದೆವು. ಬಸ್ಸಿನಲ್ಲಿ ಮೂರು ತಾಸಿನ ದಾರಿ. ಇವಳು ಹಿಂದಿನ ದಿನ ಮಾಡಿದ ಕಟಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಾರಿ ತುಟಿ ಅಲ್ಲಾಡಿಸುತ್ತಿದ್ದಳು. ಏನೆಂದು ಕೇಳಿದರೆ ಹೇಳಲಿಲ್ಲ. ‘ನಿಮ್ಮ ಮುಂದ ಅಂದ್ರ ನೀವು ತಿದ್ದಾಕ ಬರತೀರಿ. ಆಮ್ಯಾಲೆ ತಪ್ಪ ಆಗತೈತಿ.’

ಆ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಮಂದಿ ವೃದ್ಧ ಪಾದ್ರಿಗಳು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಮ್ಮ ಫಾದರ್ ಗಾಲಿಕುರ್ಚಿಯಲ್ಲಿದ್ದರು, ಇನ್ನಷ್ಟು ತೆಳ್ಳಗಾಗಿದ್ದರು. ನಮ್ಮನ್ನು ಕಂಡು ಉಳಿದವರಿಗೆ ಕೈ ತೋರಿಸಿ ಹೇಳಿದರು, ‘ಇಕೀನ ನಾ ಹೇಳಿದಾಕಿ.’ ನನ್ನ ಬಗ್ಗೆ ಏನು ಹೇಳಿದ್ದರೋ, ಇಂದಿಗೂ ತಿಳಿದಿಲ್ಲ.

ಇವಳು ಕಟ್ಟು ಬಿಚ್ಚಿದಳು. ಒಂದು ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಅವರ ಮುಂದೆ ಹಿಡಿದು ಸೆರಗು ಸರಿಮಾಡಿಕೊಂಡು ನಿಂತಳು.

‘ಪತೆರ್, ಎದೆ ಪಾನೆಮ್.’

ತಂದೆಯೇ, ರೊಟ್ಟಿಯನ್ನು ತಿನ್ನಿ. ಅಲ್ಲಿದ್ದ ಮುದುಕರೆಲ್ಲ ಒಮ್ಮೆಗೇ ತಲೆ ಎತ್ತಿದರು. ತುದಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರೊಬ್ಬರು ಕಿವಿಗೆ ಕೈ ಹಚ್ಚಿ ಲ್ಯಾಟಿನ್ನಿನಲ್ಲೇ ಏನೋ ಕೇಳಿದರು. ನಮ್ಮ ಫಾದರ್ ಅದೇ ಭಾಷೆಯಲ್ಲಿ ತಿರುಗಿಸಿ ಹೇಳಿದರು. ಮತ್ತೊಬ್ಬರು ಅದಕ್ಕೆ ಏನೋ ಸೇರಿಸಿದರು. ಎಲ್ಲರೂ ನಕ್ಕರು. ಯಾರನ್ನು ಕುರಿತು ನಕ್ಕರೆಂದು ನನಗೆ ಅರ್ಥವಾಗಲಿಲ್ಲ. ಇವಳಿಗೆ ಆಯಿತು, ನನ್ನ ಕಡೆ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡಳು. ಏನಂದರು ಎಂದು ವಾಪಸು ಬಸ್ಸಿನಲ್ಲಿ ಮೂರು ಸಲ ಕೇಳಿದೆ. ‘ಗಂಡ ಅನ್ನೂ ಶಬ್ದ ಬಂತು,’ ಎಂದಷ್ಟೇ ಹೇಳಿ ಕಿಟಕಿಯ ಆಚೆ ನೋಡತೊಡಗಿದಳು.

ಆ ನಗು ಇಳಿದ ಮೇಲೆ ಫಾದರ್ ರೊಟ್ಟಿಯನ್ನು ಸಾವಕಾಶವಾಗಿ, ಕಟಕಟ ಸಪ್ಪಳ ಮಾಡುತ್ತ, ಒಂದು ಚೂರೂ ಬಿಡದೆ ತಿಂದರು. ಉಳಿದವರಿಗೂ ಇವಳು ಮುರಿದು ಹಂಚಿದಳು.